ಅಮ್ಮನ ಅಮೆರಿಕ ಪ್ರಯಾಣಕ್ಕೆ ಪ್ರೀಮಿಯಂ ಎಕಾನಮಿ ಸಾಕಾ, ಬಿಸಿನೆಸ್ ಕ್ಲಾಸೇ ಬೇಕಾ?

ಮಂಡಿ ನೋವಿರುವ ಅಮ್ಮ, ಬೆಂಗಳೂರಿಂದ ನ್ಯೂಯಾರ್ಕ್. ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೇ ಹೊಟ್ಟೆಯಲ್ಲಿ ಸಂಕಟವಾಯಿತು. 2023ರಲ್ಲಿ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ.

ಕೊನೆಗೆ ಬಿಸಿನೆಸ್ಸೇ ಇರಲಿ ಅಂತ ಹುಡುಕಿದೆ. ಉಳಿದವಕ್ಕಿಂತ ತುಂಬಾ ಕಮ್ಮಿ ದರದ ಟಿಕೆಟ್ ಒಂದು ಕಂಡಿತು, ಆ ಕ್ಷಣವೇ ದುಡ್ಡು ಕಟ್ಟಿಬಿಟ್ಟೆ. ತಪ್ಪಾಗಿದ್ದು ಅಲ್ಲೇ. ಟಿಕೆಟ್ ಒಂದಾದರೂ ವಿಮಾನ ಎರಡು: ದೆಹಲಿಗೆ ಮೂರು ಗಂಟೆಗೂ ಕಮ್ಮಿ, ಅಲ್ಲಿಂದ ನ್ಯೂಯಾರ್ಕಿಗೆ ಸುಮಾರು 15 ಗಂಟೆ. ಬಿಸಿನೆಸ್ ಇದ್ದದ್ದು ದೆಹಲಿಯವರೆಗೆ ಮಾತ್ರ! ಆಮೇಲಿನದಕ್ಕೆಲ್ಲ ಪ್ರೀಮಿಯಂ ಎಕಾನಮಿ, ಅಂದರೆ ಎಕಾನಮಿಗೂ ಬಿಸಿನೆಸ್ಸಿಗೂ ನಡುವಿನ ಕ್ಲಾಸು. 'ಮಿಕ್ಸೆಡ್ ಕ್ಯಾಬಿನ್' (ಎಲ್ಲ ವಿಮಾನಕ್ಕೂ ಒಂದೇ ಕ್ಲಾಸಲ್ಲ) ಅಂತ ದರದ ಕೆಳಗೆ ಸಣ್ಣಕ್ಷರದಲ್ಲಿ ಬರೆದಿತ್ತು. ನಾನು ಮೇಲಿನ ಸಾಲಷ್ಟೇ ಓದಿದ್ದೆ. ಒಂದೊಂದು ವಿಮಾನದ ವಿವರ ಬಿಡಿಸಿ ನೋಡಿದ್ದರೆ ಎರಡನೆಯದರ ಎದುರು ಬೇರೆ ಕ್ಲಾಸಿನ ಹೆಸರು ಕಾಣುತ್ತಿತ್ತು. ಎರಡು ನಿಮಿಷದ ಕೆಲಸ, ಮಾಡಲಿಲ್ಲ.

ಅಮ್ಮ ಇಳಿದಾಗ ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲವಂತೆ. ಕಾಲುಂಗುರ ಬೆರಳಿಗೆ ಕಚ್ಚಿಕೊಂಡು ಕೂತಿತ್ತು. ಅಕ್ಕ ಕೊಬ್ಬರಿ ಎಣ್ಣೆ ಹಚ್ಚಿ ಒಂದೊಂದಾಗಿ ಬಿಡಿಸಿದಳು. ಫೋನಿನಲ್ಲಿ ಅಮ್ಮ "ಸೀಟು ಚೆನ್ನಾಗಿತ್ತು ಕಣೋ" ಅಂದಳು. ಆ ಮಾತು ಕೇಳಿ ಇನ್ನೂ ನೋವಾಯಿತು.

ಅದಕ್ಕೇ ಹೇಳುತ್ತೇನೆ, ಯಾವ ಕ್ಲಾಸು ಅನ್ನೋ ಪ್ರಶ್ನೆಯೇ ಸರಿಯಲ್ಲ. ಹೆಚ್ಚು ಹೊತ್ತು ಹಾರುವ ವಿಮಾನದಲ್ಲಿ ಸೀಟು ಪೂರ್ತಿ ಹಾಸಿಗೆಯಾಗುತ್ತಾ, ಇಷ್ಟು ಕೇಳಿ. ಪ್ರೀಮಿಯಂ ಎಕಾನಮಿ ಅಂದರೆ ಅಗಲವಾದ ಕುರ್ಚಿ, ಸ್ವಲ್ಪ ಹೆಚ್ಚು ಹಿಂದಕ್ಕೆ ವಾಲುತ್ತೆ, ಕಾಲು ಮಾತ್ರ ಹೆಚ್ಚುಕಮ್ಮಿ ಕೆಳಗೇ ಇರುತ್ತೆ. ಸಾಮಾನ್ಯವಾಗಿ ಅದರ ಕೈಯಾಸರೆ ಮೇಲೆತ್ತೋಕೂ ಬರಲ್ಲ, ಹಾಗಾಗಿ ಪಕ್ಕದ ಸೀಟು ಖಾಲಿ ಇದ್ದರೂ ಉಪಯೋಗವಿಲ್ಲ. ಎಕಾನಮಿಯಲ್ಲಿ ಮೂರು ಸೀಟು ಖಾಲಿ ಸಿಕ್ಕರೆ ಕೈಯಾಸರೆ ಎತ್ತಿ ಮಲಗಿಯಾದರೂ ಮಲಗಬಹುದು. ಮಂಡಿ ನೋವಿನವರಿಗೆ ನಾನಂತೂ ಪ್ರೀಮಿಯಂ ಎಕಾನಮಿ ಮಾಡಿಸಲ್ಲ. ಒಂದೋ ಸೀಟು ಹಾಸಿಗೆಯಾಗುವ ಬಿಸಿನೆಸ್, ಇಲ್ಲವೇ ಎಕಾನಮಿಯಲ್ಲಿ ಓಡಾಡೋ ದಾರಿ ಪಕ್ಕದ ಸೀಟು. ವೀಲ್‌ಚೇರ್ ನೆರವಿಗೆ ಬಿಸಿನೆಸ್ ಬೇಕಿಲ್ಲ. ಯಾವ ಕ್ಲಾಸಿಗೂ ಉಚಿತ, ಟಿಕೆಟ್ ಮಾಡಿಸುವಾಗಲೇ ಹೇಳಿಡಿ.

ವಾಪಸ್ ಬರುವಾಗ ದೆಹಲಿವರೆಗೆ ಬಿಸಿನೆಸ್, ಅಲ್ಲಿಂದ ಬೆಂಗಳೂರಿಗೆ ಎಕಾನಮಿ ಮಾಡಿಸಿದೆ. ಅಮ್ಮ ಏಳು ಗಂಟೆ ನಿದ್ದೆ ಮಾಡಿದಳಂತೆ. ಕೆಂಪೇಗೌಡ ನಿಲ್ದಾಣದಿಂದ ಹೊರಗೆ ಬರುವಾಗ ಕಾಲುಂಗುರ ಕಾಲಲ್ಲೇ ಇತ್ತು.