ಮೂರು ಎಕರೆಗೆ ನಾಲ್ಕು ಜನ

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಶಾಲಾ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಕೊರೊನಾ ಹೊಡೆತದಿಂದ ದೇಶದ ಆರ್ಥಿಕತೆ ಪೂರ್ತಿ ಚೇತರಿಸಿಕೊಂಡಿದೆ ಅಂತ ಬರೆದಿರಿ. ನನ್ನ ತಮ್ಮ ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದ. 2020ರ ಮೇ ತಿಂಗಳಲ್ಲಿ ಊರಿಗೆ ಬಂದವ ಮತ್ತೆ ಹೋಗಿಲ್ಲ. ನಮ್ಮದು ಮೂರು ಎಕರೆ. ಮೊದಲು ಅಪ್ಪ, ಅವ್ವ ಇಬ್ಬರೇ ನೋಡಿಕೊಳ್ತಿದ್ದರು. ಈಗ ತಮ್ಮ, ಅವನ ಹೆಂಡತಿ ಸೇರಿ ನಾಲ್ವರು. ಬೆಳೆ ಮಾತ್ರ ಅಷ್ಟೇ. ನೀವು ಹೇಳೋ ಬೆಳವಣಿಗೆ ನಮ್ಮ ಕಡೆ ಯಾವಾಗ ಬರ್ತದ?’

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ‘ಪೂರ್ತಿ’ ಎಂಬ ಮಾತು ತಪ್ಪು. ಅದನ್ನು ನಾವು ಬರೆಯಬಾರದಿತ್ತು.

ಮೊದಲು ಲೆಕ್ಕ ನೋಡೋಣ. ನೂರು ರೂಪಾಯಿಯಲ್ಲಿ ಶೇ 24.4ರಷ್ಟು ಹೋದರೆ ಉಳಿಯೋದು 75 ರೂಪಾಯಿ 60 ಪೈಸೆ. ಅದು ಮರುವರ್ಷ ಶೇ 20ರಷ್ಟು ಬೆಳೆದರೆ 91 ರೂಪಾಯಿಯೂ ಆಗುವುದಿಲ್ಲ. ನಿಮ್ಮ ಏಳನೇ ಕ್ಲಾಸಿನ ಮಕ್ಕಳೂ ಇದನ್ನು ಬೋರ್ಡ್ ಮೇಲೆ ಮಾಡಿ ತೋರಿಸುತ್ತಾರೆ. ದೇಶದಲ್ಲೂ ಆಗಿದ್ದು ಇದೇ. ಆಗಿನ ಲೆಕ್ಕದಂತೆ 2019ರ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಉತ್ಪನ್ನ (ಜಿಡಿಪಿ) 35.66 ಲಕ್ಷ ಕೋಟಿ ರೂಪಾಯಿ ಇತ್ತು. ಲಾಕ್‌ಡೌನ್ ವರ್ಷದ ಅದೇ ಮೂರು ತಿಂಗಳಲ್ಲಿ 26.95 ಲಕ್ಷ ಕೋಟಿಗೆ ಕುಸಿಯಿತು. 2021ರಲ್ಲಿ 32.38 ಲಕ್ಷ ಕೋಟಿ ಆಯಿತು. ‘ಶೇ 20.1ರಷ್ಟು ಬೆಳವಣಿಗೆ’ ಎಂಬ ದೊಡ್ಡ ಸುದ್ದಿ ಬಂದದ್ದು ಆಗಲೇ. ಬಿದ್ದ ಗುಂಡಿಯಿಂದ ಇನ್ನೂ ಮೇಲೆ ಬಂದಿರಲಿಲ್ಲ.

ಆಮೇಲೆ ಬಂದೆವು, ನಿಜ. 2021-22ರ ಇಡೀ ವರ್ಷದ ಉತ್ಪನ್ನ ಕೊರೊನಾಕ್ಕೆ ಮುಂಚಿನ ಮಟ್ಟವನ್ನು ದಾಟಿತು. ಆಗಿನ ಲೆಕ್ಕದಂತೆ ದಾಟಿದ್ದು ಬರೀ ಶೇ 1.5ರಷ್ಟು. ಮಧ್ಯದ ಎರಡು ವರ್ಷ ಬೆಳೆಯಬೇಕಾಗಿದ್ದದ್ದು ಹೋದ ಹಾಗೇ ಹೋಯಿತು. ಆ ನಷ್ಟ ಪೂರ್ತಿ ತುಂಬಿಕೊಳ್ಳಲು 2034-35ರವರೆಗೆ ಬೇಕಾಗಬಹುದು ಎಂದು ರಿಸರ್ವ್ ಬ್ಯಾಂಕಿನ ವರದಿಯೇ 2022ರ ಏಪ್ರಿಲ್‌ನಲ್ಲಿ ಹೇಳಿತ್ತು. ಅದೂ ವರ್ಷ ವರ್ಷ ಶೇ 7.5ರಷ್ಟು ಬೆಳೆಯುತ್ತಾ ಹೋದರೆ.

ಇನ್ನು ನಿಮ್ಮ ತಮ್ಮನ ವಿಷಯ. ನನ್ನನ್ನು ಜಾಸ್ತಿ ಕಾಡಿದ್ದು ಅದೇ.

ನಮ್ಮಲ್ಲಿ ಹಿಂದೆಲ್ಲ ಆರ್ಥಿಕತೆ ಕುಸಿದಾಗ ಮೊದಲು ಏಟು ಬೀಳುತ್ತಿದ್ದದ್ದು ಹೊಲಕ್ಕೆ. 1979-80ರಲ್ಲಿ ಬರ ಬಂತು, ಜೊತೆಗೆ ತೈಲದ ಬೆಲೆ ಏರಿತು, ಉತ್ಪನ್ನ ಶೇ 5ಕ್ಕಿಂತ ಜಾಸ್ತಿ ಇಳಿಯಿತು. 2020ರಲ್ಲಿ ಅದು ತಿರುಗುಮುರುಗಾಯಿತು. ಪೇಟೆ ನಿಂತುಹೋಯಿತು, ಹೊಲ ನಡೆಯಿತು. ಆ ವರ್ಷ ಬೆಳೆದ ಕೆಲವೇ ವಲಯಗಳಲ್ಲಿ ಕೃಷಿ ಒಂದು. ಅದಕ್ಕೇ ಜನ ಊರಿಗೆ ಓಡಿದರು. ಉದ್ಯೋಗ ಖಾತ್ರಿಯಲ್ಲಿ ಆ ವರ್ಷ ಏಳೂವರೆ ಕೋಟಿ ಮನೆಗಳು ಕೆಲಸ ಪಡೆದವು.

ಓಡಿ ಬಂದವರಲ್ಲಿ ಎಷ್ಟು ಮಂದಿ ವಾಪಸ್ ಹೋದರು? ಕೇಂದ್ರ ಸರ್ಕಾರದ ದುಡಿಮೆ ಸಮೀಕ್ಷೆ ನೋಡಿ. 2018-19ರಲ್ಲಿ ದೇಶದ ದುಡಿಯುವವರಲ್ಲಿ ಶೇ 42.5ರಷ್ಟು ಜನ ಕೃಷಿಯಲ್ಲಿದ್ದರು. 2020-21ರಲ್ಲಿ ಶೇ 46.5 ಆಯಿತು. 2023-24ರಲ್ಲೂ ಶೇ 46.1. ದೇಶದ ಉತ್ಪನ್ನ ಮೇಲೆದ್ದು ವರ್ಷಗಳಾದರೂ ಈ ಸಂಖ್ಯೆ ಹಳೇ ಜಾಗಕ್ಕೆ ಇಳಿದಿಲ್ಲ. ಮನೆಗೆಲಸದ ಜೊತೆ ಹೊಲಕ್ಕೂ ಇಳಿದ ಹೆಣ್ಣುಮಕ್ಕಳು ಇದರಲ್ಲಿ ತುಂಬಾ ಇದ್ದಾರೆ. ನಿಮ್ಮ ಮನೆಯ ಮೂರು ಎಕರೆಯ ಕಥೆ ಇಡೀ ದೇಶದ್ದು, ಮೇಷ್ಟ್ರೇ. ಇಬ್ಬರು ಬಿಡಿಸುತ್ತಿದ್ದ ಹತ್ತಿಯನ್ನು ನಾಲ್ವರು ಬಿಡಿಸುತ್ತಾರೆ. ಸಮೀಕ್ಷೆಯವರು ಬಂದು ಕೇಳಿದರೆ ನಾಲ್ವರಿಗೂ ‘ಕೆಲಸ ಇದೆ’ ಎಂದು ಬರೆದುಕೊಳ್ಳುತ್ತಾರೆ. ತೂಕಕ್ಕೆ ಹಾಕಿದರೆ ಹತ್ತಿ ಅಷ್ಟೇ!

ಬೆಂಗಳೂರಿನ ಐಟಿ ಕಂಪನಿಗಳು ಲಾಕ್‌ಡೌನಿನಲ್ಲೂ ಮನೆಯಿಂದಲೇ ನಡೆದವು. ನಿಂತದ್ದು ಅವುಗಳನ್ನು ನಂಬಿದ್ದ ಕ್ಯಾಬು, ಕ್ಯಾಂಟೀನು, ಪಿಜಿ, ಕಟ್ಟಡದ ಕೆಲಸ. ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆಯೊಂದರದ್ದೇ. ಹಾಗಾಗಿ ಬೆಂಗಳೂರು ಎದ್ದರೆ ಕರ್ನಾಟಕವೇ ಎದ್ದಂತೆ ಲೆಕ್ಕದಲ್ಲಿ ಕಾಣುತ್ತದೆ. ನಿಮ್ಮ ಪಕ್ಕದ ಕಲಬುರಗಿ ಜಿಲ್ಲೆಯ ತಲಾ ಆದಾಯ ಬೆಂಗಳೂರು ನಗರದವರದ್ದರ ಐದನೇ ಒಂದು ಭಾಗದ ಆಸುಪಾಸಿನಲ್ಲಿದೆ. ಈ ಅಂತರ ಕೊರೊನಾ ತಂದದ್ದಲ್ಲ. ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತ್ತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆಮೇಲೆ ಕಲ್ಯಾಣ ಕರ್ನಾಟಕದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡಲು ಸಂವಿಧಾನದ 371ಜೆ ವಿಧಿ ಬಂತು. ಅದರಿಂದ ನಿಮ್ಮ ಕಡೆಯ ಎಷ್ಟೋ ಮಕ್ಕಳಿಗೆ ಮೆಡಿಕಲ್ ಸೀಟು, ಸರ್ಕಾರಿ ನೌಕರಿ ಸಿಕ್ಕಿದೆ. ಅದು ಸಣ್ಣ ಮಾತಲ್ಲ. ಆದರೆ ಸೆಂಟ್ರಿಂಗ್ ಕೆಲಸ ಗೊತ್ತಿರುವ, ಓದು ಅರ್ಧಕ್ಕೆ ನಿಂತ ನಿಮ್ಮ ತಮ್ಮನಂಥವರಿಗೆ ಮೀಸಲಾತಿಯಿಂದ ಏನೂ ದಕ್ಕುವುದಿಲ್ಲ, ಅಲ್ವಾ?

ಯಾವಾಗ ಬರುತ್ತದೆ ಅಂತ ಕೇಳಿದಿರಿ. ದೇಶ ವರ್ಷಕ್ಕೆ ಶೇ 6ರಿಂದ 7ರಷ್ಟು ಬೆಳೆಯುತ್ತಾ ಹೋಗಬಹುದು ಎಂದೇ ನಾನೂ ನಂಬಿದ್ದೇನೆ. ಆದರೆ ಅದು ತಾನಾಗಿಯೇ ಹರಿದು ಶಹಾಪುರಕ್ಕೆ ಬರುತ್ತದೆ ಎಂದು ನಂಬುವುದಿಲ್ಲ. ಕಾಲುವೆ ತೋಡದೆ ಕೃಷ್ಣೆಯ ನೀರೂ ನಿಮ್ಮ ಹೊಲಕ್ಕೆ ಬರಲಿಲ್ಲ. ಹತ್ತಿ ಬೆಳೆದು ಹೊರಗೆ ಕಳಿಸುವ ಜಿಲ್ಲೆಯಲ್ಲಿ ನೂಲಿನ, ಬಟ್ಟೆಯ ಕೆಲಸ ಬೇಕು. ತೊಗರಿ ಬೆಳೆಯುವಲ್ಲಿ ಬೇಳೆ ಮಾಡುವ ಮಿಲ್ಲು ಇನ್ನಷ್ಟು ಬೇಕು. ನಿಮ್ಮ ಜಿಲ್ಲೆಯ ಕಡೇಚೂರಿನಲ್ಲಿ ಕೈಗಾರಿಕೆಗೆಂದು ಮೂರು ಸಾವಿರ ಎಕರೆಗೂ ಜಾಸ್ತಿ ಭೂಮಿ ತೆಗೆದುಕೊಂಡಿದ್ದಾರೆ. ಅಲ್ಲಿ ಕೆಲಸ ಕೊಡುವಾಗ ಭೂಮಿ ಕೊಟ್ಟ ಊರಿನವರು, ಸುತ್ತಲಿನ ತಾಲ್ಲೂಕಿನವರು ಎಷ್ಟು ಜನ ಅಂತ ವರ್ಷಕ್ಕೊಮ್ಮೆ ಲೆಕ್ಕ ಹೊರಗೆ ಬರಬೇಕು. ಇದನ್ನು ಕೇಳುತ್ತಲೇ ಇರುವುದು ನಮ್ಮಂಥ ಪತ್ರಿಕೆಯ ಕೆಲಸ. ಇನ್ನು ಮುಂದೆ ಬೆಳವಣಿಗೆಯ ಸಂಖ್ಯೆ ಅಚ್ಚು ಮಾಡುವಾಗಲೆಲ್ಲ ಪಕ್ಕದಲ್ಲೇ ಕೃಷಿಯಲ್ಲಿರುವವರ ಸಂಖ್ಯೆಯನ್ನೂ ಹಾಕುತ್ತೇವೆ.

ಹತ್ತಿ ಬಿಡಿಸಿ ಮುಗಿದ ಮೇಲೆ ನಿಮ್ಮ ತಮ್ಮ ಈ ಸಲ ಗುಳೆ ಹೋಗುತ್ತಾರಾ, ಊರಲ್ಲೇ ಇರುತ್ತಾರಾ? ಹೋದರೆ ಯಾವ ಊರಿಗೆ, ಎಷ್ಟು ಕೂಲಿಗೆ? ದಯವಿಟ್ಟು ಬರೆದು ತಿಳಿಸಿ.

– ಸಂಪಾದಕ