0.3 × 0.2 ಅಂದರೆ 0.6 ಯಾಕಲ್ಲ?

ಪ್ರಶ್ನೆ: ನನ್ನ ಮಗಳು ಏಳನೇ ಇಯತ್ತೆ. 0.3 × 0.2 ಕೊಟ್ಟರೆ 0.6 ಅಂತ ಬರೆಯುತ್ತಾಳೆ. ಚುಕ್ಕಿ ಆದಮೇಲಿನ ಅಂಕಿ ಎಣಿಸು ಅಂತ ಹೇಳಿಕೊಟ್ಟೆ. ನಾಲ್ಕು ದಿನ ಸರಿ ಮಾಡಿದಳು, ಮತ್ತೆ ಮರೆತಳು. ಭಾಗಾಕಾರದಲ್ಲಿ ಉತ್ತರ ದೊಡ್ಡದು ಬಂದರೆ ತಪ್ಪಾಯಿತು ಅಂತ ತಾನೇ ಅಳಿಸಿಬಿಡುತ್ತಾಳೆ. ಹೇಗೆ ತಿಳಿಸಿ ಹೇಳಲಿ?
– ಒಬ್ಬ ತಾಯಿ, ಬೆಟಗೇರಿ, ಗದಗ

ಉತ್ತರ: ಅಂಕಿ ಎಣಿಸುವ ಉಪಾಯ ತಪ್ಪಲ್ಲ. ಆದರೆ ಕಾರಣ ಗೊತ್ತಿಲ್ಲದ ಉಪಾಯ ತಲೆಯಲ್ಲಿ ನಿಲ್ಲುವುದಿಲ್ಲ. ಸ್ವಲ್ಪ ದಿನ ಅದನ್ನು ಬದಿಗಿಡಿ. 0.3 ಅನ್ನು 'ಸೊನ್ನೆ ಪಾಯಿಂಟ್ ಮೂರು' ಅಂತ ಓದಿಸುವ ಬದಲು 'ಹತ್ತರಲ್ಲಿ ಮೂರು ಭಾಗ' ಅಂತ ಓದಿಸಿ. 0.06 ಅಂದರೆ 'ನೂರರಲ್ಲಿ ಆರು ಭಾಗ'. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಒಂದು ಗ್ರಾಫ್ ಹಾಳೆ ತನ್ನಿ. ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ಚೌಕ ಎಳೆಯಿರಿ. ಇಡೀ ಚೌಕವೇ 1. ಅದರ ಒಂದು ಬದಿಯಲ್ಲಿ ಮೂರು ಸೆಂಟಿಮೀಟರ್, ಇನ್ನೊಂದು ಬದಿಯಲ್ಲಿ ಎರಡು ಸೆಂಟಿಮೀಟರ್ ಅಳೆದು ಆ ಮೂಲೆಗೆ ಬಣ್ಣ ಹಚ್ಚಲಿ. ಒಂದು ಸೆಂಟಿಮೀಟರಿನ ಮನೆಗಳು ಆರು ತುಂಬುತ್ತವೆ. ಒಟ್ಟು ಮನೆ ನೂರು. ಅಂದರೆ ನೂರರಲ್ಲಿ ಆರು, 0.06. ಹತ್ತನೇ ಭಾಗದ ಹತ್ತನೇ ಭಾಗ ನೂರನೇ ಭಾಗ ಆಗುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಚುಕ್ಕಿ ಆದಮೇಲೆ ಎರಡು ಅಂಕಿ ಯಾಕೆ ಅಂತ ಆಮೇಲೆ ಅವಳನ್ನೇ ಕೇಳಿ.

ಇದಕ್ಕೆ ದುಡ್ಡಿನ ಉದಾಹರಣೆ ಕೊಡುವವರು ಜಾಸ್ತಿ. ಗುಣಾಕಾರಕ್ಕೆ ನನಗದು ಅಷ್ಟು ಸರಿಬರುವುದಿಲ್ಲ. ರೂಪಾಯಿಯನ್ನು ರೂಪಾಯಿಯಿಂದ ಗುಣಿಸಿದರೆ ಏನು ಸಿಗುತ್ತದೆ? ಅದೂ ಅಲ್ಲದೆ 25 ಪೈಸೆಯ ಚಲಾವಣೆ 2011ರಲ್ಲೇ ನಿಂತಿತು. ಈಗಿನ ಮಕ್ಕಳಿಗೆ ಪೈಸೆ ಅಂದರೆ ಬರೀ ಪುಸ್ತಕದ ಲೆಕ್ಕ, ಅಲ್ವಾ?

ಹತ್ತರಿಂದ ಗುಣಿಸುವಾಗ 'ಸೊನ್ನೆ ಸೇರಿಸು' ಅಂತ ಹೇಳಲೇಬೇಡಿ. 2.5ಕ್ಕೆ ಸೊನ್ನೆ ಸೇರಿಸಿದರೆ 2.50, ಬೆಲೆ ಹಾಗೇ ಉಳಿಯಿತು. ಚುಕ್ಕಿ ಇದ್ದಲ್ಲೇ ಇರುತ್ತದೆ, ಅಂಕಿಗಳು ಒಂದೊಂದು ಮನೆ ಎಡಕ್ಕೆ ಸರಿಯುತ್ತವೆ. ಬಿಡಿ ಸ್ಥಾನದ 2 ಹತ್ತರ ಸ್ಥಾನಕ್ಕೆ, 5 ಬಿಡಿ ಸ್ಥಾನಕ್ಕೆ ಬಂದು 25 ಆಗುತ್ತದೆ. ಭಾಗಿಸಿದರೆ ಬಲಕ್ಕೆ.

ಅಂದಾಜು ಮಾಡುವುದನ್ನೂ ರೂಢಿ ಮಾಡಿಸಿ. 2.4 × 1.5ರಲ್ಲಿ 24ನ್ನು 15ರಿಂದ ಗುಣಿಸಿದರೆ 360. ಎಷ್ಟೋ ಮಕ್ಕಳು ಕೊನೆಯ ಸೊನ್ನೆಯನ್ನು ಮೊದಲೇ ಬಿಟ್ಟು, ಆಮೇಲೆ ಚುಕ್ಕಿ ಇಟ್ಟು 0.36 ಅನ್ನುತ್ತಾರೆ. ಎರಡಕ್ಕಿಂತ ಜಾಸ್ತಿ ಇರುವುದನ್ನು ಒಂದಕ್ಕಿಂತ ಜಾಸ್ತಿ ಸಲ ತೆಗೆದುಕೊಂಡರೆ ಎರಡಕ್ಕಿಂತ ಕಡಿಮೆ ಹೇಗೆ ಬರುತ್ತದೆ? ನೂರನೇ ಭಾಗಗಳು 360, ಅಂದರೆ 3.60.

ಭಾಗಾಕಾರಕ್ಕೆ ಧಾರವಾಡ ಪೇಡೆ ಸಾಕು. ಒಂದೂವರೆ ಕಿಲೋ ಪೇಡೆಯನ್ನು ಕಾಲು ಕಿಲೋ ಡಬ್ಬಿಗಳಿಗೆ ತುಂಬಿದರೆ ಎಷ್ಟು ಡಬ್ಬಿ? 1.5 ಅಂದರೆ ನೂರನೇ ಭಾಗಗಳು 150. 0.25 ಅಂದರೆ 25. ಎರಡೂ ಒಂದೇ ಅಳತೆಗೆ ಬಂದವು, ಇನ್ನು ಚುಕ್ಕಿಯ ಕಾಟವಿಲ್ಲ. 150ರಲ್ಲಿ 25 ಆರು ಸಲ. ಪೇಡೆ ಹೆಚ್ಚಾಗಲಿಲ್ಲ, ಡಬ್ಬಿ ಸಣ್ಣದು, ಅದಕ್ಕೇ ಉತ್ತರ ದೊಡ್ಡದು. ಅದೇ ಪೇಡೆಯನ್ನು ಮೂರು ಜನರಿಗೆ ಹಂಚಿದರೆ ತಲೆಗೆ 0.5 ಕಿಲೋ, ಇಲ್ಲಿ ಉತ್ತರ ಸಣ್ಣದು. ಮಕ್ಕಳಿಗೆ ಭಾಗಾಕಾರ ಅಂದರೆ ಹಂಚುವುದು ಮಾತ್ರ ಗೊತ್ತಿರುತ್ತದೆ. 'ಎಷ್ಟು ಸಲ ಹಿಡಿಸುತ್ತದೆ' ಅನ್ನುವುದೂ ಭಾಗಾಕಾರವೇ ಅಂತ ಯಾರೂ ಬಿಡಿಸಿ ಹೇಳಿರುವುದಿಲ್ಲ. ಪೆನ್ಸಿಲ್ ಹಿಡಿಯುವ ಮೊದಲು ಒಂದು ಮಾತು ಕೇಳಿ: ಯಾವುದರಿಂದ ಭಾಗಿಸುತ್ತೀಯೋ ಅದು ಒಂದಕ್ಕಿಂತ ಸಣ್ಣದಾ, ದೊಡ್ಡದಾ?