ಸಹಿ ಇದ್ದ ಮಾತ್ರಕ್ಕೆ ಮೂಲಚಿತ್ರವಲ್ಲ

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನದ ಬಣ್ಣದ ಚಿತ್ರ ಸಿಕ್ಕಿದೆ. ಕಲಾವಿದರ ಸಹಿಯೂ 1941 ಎಂಬ ಇಸವಿಯೂ ಇವೆ. ಇದು ಮೂಲಚಿತ್ರವೇ? ಎಷ್ಟು ಬೆಲೆ ಬಂದೀತು?

ಉತ್ತರ: ಈ ಪ್ರಶ್ನೆ ಬಾರದ ತಿಂಗಳಿಲ್ಲ. ಇಂಥ ಚಿತ್ರ ಹಳೆಯ ಪತ್ರಿಕೆಯಿಂದ ಕಿತ್ತ ಅಚ್ಚಿನ ಹಾಳೆಯೂ ಆಗಿರಬಹುದು. ಕಲಾವಿದ ಮೂಲಚಿತ್ರಕ್ಕೆ ಹಾಕಿದ ಸಹಿ ಪತ್ರಿಕೆಯ ಪ್ರತಿಯೊಂದು ಪ್ರತಿಯಲ್ಲೂ ಅಚ್ಚಾಗಿರುತ್ತದೆ. ಸಹಿಯನ್ನು ಬಿಡಿ, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ತನ್ನಿ. ರೆಕ್ಕೆಯ ಮೇಲಿನ ವೃತ್ತಲಾಂಛನದ ಅಂಚನ್ನು ನೋಡಿ. ಬಣ್ಣ ಸಾಲುಸಾಲು ಚುಕ್ಕೆಗಳಾಗಿ ಒಡೆದರೆ ಅದು ಹಾಫ್‌ಟೋನ್ ಅಚ್ಚು. ಸಣ್ಣ ಚೌಕುಳಿಗಳ ಜಾಲ ಕಂಡರೆ ಗ್ರೇವ್ಯೂರ್ ಎಂಬ ಇನ್ನೊಂದು ಬಗೆಯ ಅಚ್ಚು. ಎರಡೂ ಅಚ್ಚಾದ ಹಾಳೆಗಳೇ, ಮೂಲಚಿತ್ರಗಳಲ್ಲ. ನಡುವೆ ಪಿನ್ನಿನ ತೂತು, ಬೆನ್ನಿಗೆ ಸೋಪಿನ ಜಾಹೀರಾತು ಇದ್ದರೆ ಭೂತಗನ್ನಡಿಯ ಖರ್ಚೂ ಉಳಿಯಿತು.

ಪತ್ರಿಕೆಗೆಂದು ಬರೆದ ಮೂಲಚಿತ್ರ ಸಾಮಾನ್ಯವಾಗಿ ದಪ್ಪ ರಟ್ಟಿನ ಮೇಲೆ, ಅಪಾರದರ್ಶಕ ಜಲವರ್ಣದಲ್ಲಿ, ಅಚ್ಚಿನ ಅಳತೆಗಿಂತ ದೊಡ್ಡದಾಗಿ ಇರುತ್ತದೆ. ತಪ್ಪಿದ ಗೆರೆಯ ಮೇಲೆ ಬಿಳಿ ಬಣ್ಣದ ತೇಪೆ ಕಾಣುತ್ತದೆ. ಎಷ್ಟು ಅಗಲಕ್ಕೆ ಇಳಿಸಬೇಕೆಂದು ಅಚ್ಚುಮನೆಗೆ ಪೆನ್ಸಿಲಿನಲ್ಲಿ ಬರೆದ ಸೂಚನೆ ಅಂಚಿನಲ್ಲಿರುತ್ತದೆ. ಆ ಅಂಚು ಚೌಕಟ್ಟಿನೊಳಗೆ ಅಡಗಿರುವುದರಿಂದ, ಚೌಕಟ್ಟು ಬಿಚ್ಚಲು ಒಪ್ಪದ ವ್ಯಾಪಾರಿಗೆ ಕೈಮುಗಿದು ಹೊರಟುಬನ್ನಿ. ಅಚ್ಚಿನ ಮೇಲೆ ವಾರ್ನಿಷ್ ಎಳೆದು ಕುಂಚದ ಗೆರೆ ಮೂಡಿಸುವ, ಚಹಾ ಬಳಿದು ಹಳೆಯದು ಮಾಡುವ ಮಹಾಶಯರಿದ್ದಾರೆ. ಚಹಾದ ಕಂದು ಹಾಳೆಯ ತುಂಬ ಹರಡಿ ಅಲ್ಲಲ್ಲಿ ಮಡುಗಟ್ಟಿರುತ್ತದೆ. ಮರದ ತಿರುಳಿನ ಅಗ್ಗದ ಕಾಗದ ತಾನಾಗಿ ಹಳದಿಯಾಗುವುದು ಹೆಚ್ಚಾಗಿ ಗಾಳಿ ತಾಗಿದ ಅಂಚಿನಿಂದ ಒಳಕ್ಕೆ.

ಮೊಬೈಲ್ ಫೋಟೊ ನೋಡಿ ಬೆಲೆ ಹೇಳುವವರು ಬೇಕಾದಷ್ಟಿದ್ದಾರೆ. ನನ್ನನ್ನು ಕೇಳಬೇಡಿ.

ಪ್ರಶ್ನೆ: ಲ್ಯಾಮಿನೇಷನ್ ಮಾಡಿಸಲೇ?

ಉತ್ತರ: ಬೇಡವೇ ಬೇಡ. ಬಿಸಿಗೆ ಕರಗಿದ ಅಂಟು ಕಾಗದದೊಳಗೆ ಇಳಿದರೆ ಹಾಳೆ ಕೆಡದಂತೆ ಬಿಡಿಸುವುದು ಕನಸಿನ ಮಾತು.

ಪ್ರಶ್ನೆ: ನಿಂಬೆರಸ ಹಚ್ಚಿ ಬಿಸಿಲಿಗಿಟ್ಟರೆ ಕಲೆ ಹೋಗುತ್ತದೆ ಎಂದು ವಿಡಿಯೊದಲ್ಲಿ ನೋಡಿದೆ.

ಉತ್ತರ: ಕಾಗದವನ್ನು ತಿನ್ನುವುದೇ ಆಮ್ಲ ಮತ್ತು ಬೆಳಕು. ನೀವು ಎರಡನ್ನೂ ಕರೆದು ಮಣೆ ಹಾಕುತ್ತಿದ್ದೀರಿ.

ಪ್ರಶ್ನೆ: ಬ್ರಿಟನ್ನಿನ ಪಾಲ್ ನ್ಯಾಶ್ ದೊಡ್ಡ ಕಲಾವಿದರೆನ್ನುತ್ತಾರೆ. ಅವರ ‘ಬ್ಯಾಟಲ್ ಆಫ್ ಬ್ರಿಟನ್’ ಚಿತ್ರದಲ್ಲಿ ವಿಮಾನಗಳೇ ಸರಿಯಾಗಿ ಕಾಣುವುದಿಲ್ಲವಲ್ಲ?

ಉತ್ತರ: 1941ರ ಆ ಚಿತ್ರದಲ್ಲಿ ವಿಮಾನಗಳು ಆಕಾಶದ ತುಂಬ ಬಿಟ್ಟುಹೋದ ಗೆರೆಗಳನ್ನು ನೋಡಿ. ಎಂಜಿನ್ನಿನ ಒಳಗನ್ನೇ ನೋಡಬೇಕೆಂದಿದ್ದರೆ ‘ಫ್ಲೈಟ್’ ಎಂಬ ಬ್ರಿಟಿಷ್ ವಿಮಾನ ಪತ್ರಿಕೆಗೆ ಮ್ಯಾಕ್ಸ್ ಮಿಲ್ಲರ್ ಬರೆದ ಸೀಳುನೋಟದ ಚಿತ್ರಗಳಿವೆ.